ನೈಋತ್ಯಕ್ಕೆ ತಿರುಗಿದ ಕೋಣೆ

ಆ ಮನೆಯ ಮಾಡೆಲ್ ಈಗಲೂ ಆನ್‌ಲೈನ್‌ನಲ್ಲಿದೆ. ಲಿಂಕ್ ಒತ್ತಿದರೆ ತೆರೆದುಕೊಳ್ಳುತ್ತದೆ. ಬೆರಳಿಟ್ಟು ಎಳೆದರೆ ಮನೆ ತಿರುಗುತ್ತದೆ. ಬೇಡವಾದ ಭಾಗವನ್ನು ಮುಟ್ಟಿದರೆ ಅದು ಮರೆಯಾಗುತ್ತದೆ, ತಾರಸಿಯಾದರೂ ಸರಿ, ಗೋಡೆಯಾದರೂ ಸರಿ. ಒಳಗೆ ಇಣುಕಬಹುದು. ಬಳ್ಳಾರಿಯ ಒಂದು ಸಣ್ಣ ಆಫೀಸಿನಲ್ಲಿ ಕೂತು ಇಂಥವನ್ನು ಮಾಡಿ, ಮನೆ ಕಟ್ಟಿಸುವವರ ಫೋನಿಗೆ ಕಳಿಸುವುದು ನನ್ನ ಕೆಲಸ. ಕಾಗದದ ನಕ್ಷೆ ಓದಲು ಬಾರದವರಿಗೂ ಇದು ತಿಳಿಯುತ್ತದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗಲೂ ಹೇಳುತ್ತೇನೆ, ಸಂಬಳಕ್ಕಾಗಿ.

ಈ ಮನೆ ನಮ್ಮದು. ಕುರುಗೋಡಿನ ಹಳೆಯ ಮನೆ ಕೆಡವಿ ದೊಡ್ಡಪ್ಪ, ಅಪ್ಪ ಸೇರಿ ಕಟ್ಟಿಸಿದ್ದು. ಜಾಗದ ದಕ್ಷಿಣಕ್ಕೆ ರಸ್ತೆ, ಉತ್ತರಕ್ಕೆ ಒಂದು ಸಂದಿ, ಎರಡು ಮಗ್ಗುಲಿಗೂ ನೆರೆಯವರ ಗೋಡೆ. ಹಾಗಾಗಿ ಬಾಗಿಲು ದಕ್ಷಿಣಕ್ಕೇ ಬರಬೇಕು. ಹಿಂಭಾಗದ ವಾಯವ್ಯ ಮೂಲೆಯಲ್ಲಿ, ಸಂದಿಯ ಕಡೆಗೆ ದೊಡ್ಡ ಕಿಟಕಿ ಇಟ್ಟು ಮಾಡೆಲ್‌ನಲ್ಲಿ ನಾನು ಒಂದು ಕೋಣೆ ಮಾಡಿದೆ. ಅದು ಅವ್ವನಿಗೆ. ಬಳ್ಳಾರಿಯ ಜೀನ್ಸ್ ಘಟಕಗಳಿಂದ ಕತ್ತರಿಸಿದ ಬಟ್ಟೆ ಗಂಟುಗಂಟಾಗಿ ನಮ್ಮ ಮನೆಗೆ ಬರುತ್ತದೆ, ಅವ್ವ ಹೊಲಿದು ಕಳಿಸುತ್ತಾಳೆ. ಕಡುನೀಲಿ ಬಟ್ಟೆಯ ಮೇಲೆ ನೀಲಿ ದಾರ. ಅವಳ ಕಣ್ಣು ಆಗಲೇ ಸೋಲುತ್ತಿತ್ತು. ಬಿಸಿಲು ಬೀಳದೆ ಬೆಳಕು ಮಾತ್ರ ಬರುವ ಜಾಗ ಆ ಮನೆಯಲ್ಲಿ ಅದೊಂದೇ.

ಅವಳಿಗೆ ಮೊದಲು ತೋರಿಸಿದ್ದು ಒಂದು ಮಧ್ಯಾಹ್ನ. ಮಧ್ಯಾಹ್ನ ಎಂದು ಬರೆಯುವಾಗಲೇ ಅನುಮಾನ. ಕೋಣೆಗೆ ಬೆಳಕು ಬೇಕಾಗಿತ್ತೆಂದು ನೆನಪೂ ತನಗೆ ಬೆಳಕು ಹಾಕಿಕೊಂಡಿರಬಹುದು. ಮಾತುಗಳು ಮಾತ್ರ ಹೀಗೇ ಇದ್ದವು ಎಂದುಕೊಂಡಿದ್ದೇನೆ.

“ಅಯ್ಯ, ಗ್ವಾಡಿ ಒಳಗ ಹೊಕ್ಕೊಂಡೆ ನೋಡು. ಹೊರಗ ಕರ್ಕೊಂಡ್ ಬಾರೆ.”

“ಬೆರಳು ಎತ್ತವ್ವ.”

“ಈ ಕಿಟಕಿ ತೆರಿತೈತೇನು?”

“ಇದ್ರಾಗ ತೆರಿಯಂಗಿಲ್ಲ. ಮನ್ಯಾಗ ತೆರಿತೈತಿ.”

ಕಿಟಕಿಯ ಕೆಳಗೆ ನಾನು ಒಂದು ಹೊಲಿಗೆ ಮಷಿನ್ ಇಟ್ಟಿದ್ದೆ. ಅವ್ವ ಅದನ್ನು ಹತ್ತಿರ ಎಳೆದು ಬಹಳ ಹೊತ್ತು ನೋಡಿದಳು. “ಪೆಡಲ್ ಇಲ್ಲಲ್ಲೇ ಇದಕ್ಕ. ಯಾವ ಕಾಲಿಲೆ ಹೊಲೀಲಿ?”

ಪೆಡಲ್ ಸೇರಿಸಿದೆ. ಆಮೇಲೆ ಲಿಂಕನ್ನು ಮನೆಯವರೆಲ್ಲ ಇರುವ ಗ್ರೂಪಿಗೆ ಹಾಕಿದೆ.

ದೊಡ್ಡಪ್ಪ ಅದನ್ನು ತೆರೆದದ್ದು ಹಳೆಯ ಮನೆಯ ಮುಂದಿನ ಕಟ್ಟೆಯ ಮೇಲೆ, ಎಂದಿನಂತೆ ಮೂಡಣಕ್ಕೆ ಮುಖ ಮಾಡಿ ಕೂತು. ಪಕ್ಕದಲ್ಲಿ ಮನೆ ಕಟ್ಟಲು ಒಪ್ಪಿದ್ದ ಮೇಸ್ತ್ರಿ. ಮನೆಯ ಸುತ್ತ ನಾನಿಟ್ಟ ಬೂದು ಬಣ್ಣದ ನೆಲ ದೊಡ್ಡಪ್ಪನಿಗೆ ಹಿಡಿಸಲಿಲ್ಲ. ಮುಟ್ಟಿ ಮರೆಮಾಡಿದರು. ನೆಲದ ಮೇಲೆ ಕೆಂಪಾಗಿ ಹಾಕಿದ್ದ ಉತ್ತರದ ಬಾಣವೂ ಅದರ ಜೊತೆಗೇ ಹೋಯಿತು. ಆಮೇಲೆ ಮನೆಯನ್ನು ನಿಧಾನಕ್ಕೆ ತಿರುಗಿಸಿ, ಬಾಗಿಲು ತಾವು ಮುಖ ಮಾಡಿದ್ದ ದಿಕ್ಕಿಗೇ ಬಂದಾಗ ನಿಲ್ಲಿಸಿದರು.

“ಬಾಗ್ಲ ಮೂಡಣಕ್ಕ ಬಂತು. ಈಗ ಸರಿ ಆತು.”

“ಮನಿ ತಿರುಗಂಗಿಲ್ಲ ದೊಡ್ಡಪ್ಪ. ಚಿತ್ರ ಅಷ್ಟ ತಿರುಗತೈತಿ. ಬಾಗಿಲು ರೋಡಿನ ಕಡೀಗೇ ಇರ್ತೈತಿ.”

“ತಿರುಗಂಗಿಲ್ಲಂದ್ರ ತಿರುಗೂದು ಯಾಕ ಕಳಿಸೀದಿ?”

ಮೇಸ್ತ್ರಿ ನಕ್ಕ. ದೊಡ್ಡಪ್ಪನ ಬೆರಳು ಹಿಂದಿನ ಮೂಲೆಗೆ ಹೋಯಿತು. “ಬಾಗ್ಲ ಮೂಡಣ ಆದ್ಮ್ಯಾಲೆ ಇದು ನೈರುತ್ಯ. ನೈರುತ್ಯ ಮನಿ ಹಿರೇರದು. ಅಲ್ಲಿ ಭಾರ ಇಡಬೇಕು, ಕಿಟಕಿ ಇಡಬಾರದು. ನಾನು ಮಲಗ್ತೀನಿ ಅಲ್ಲಿ.”

“ಅದು ಅವ್ವಂದು.”

“ನಿಮ್ಮವ್ವ ನೈರುತ್ಯದಾಗ ಕುಂತು ಹೊಲಿದ್ರ ಮನಿ ಹರೀತೈತಿ.”

ಅಪ್ಪನನ್ನು ಮುಟ್ಟಿ ಮರೆಮಾಡಿದರೆ ಈ ನೆನಪು ಚೊಕ್ಕವಾಗಿ ಕಾಣುತ್ತದೆ: ಒಬ್ಬ ದೊಡ್ಡಪ್ಪ, ಒಬ್ಬಳು ಮಗಳು, ಒಂದು ಅನ್ಯಾಯ. ಎಷ್ಟೋ ಸಲ ಹಾಗೆಯೇ ಹೇಳಿದ್ದೇನೆ. ಆದರೆ ಅಪ್ಪ ಅಲ್ಲಿದ್ದರು. ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಆಗಷ್ಟೇ ಬಂದು ಹೆಗಲ ಮೇಲಿನ ತೌಡು ಕೊಡವಿಕೊಳ್ಳುತ್ತಿದ್ದರು. ವಾಯವ್ಯ ಯಾವುದೆಂದು ಅವರಿಗೆ ಗೊತ್ತಿತ್ತು. ಆ ಮೂಲೆ ಯಾರಿಗೆಂದೂ ಗೊತ್ತಿತ್ತು. “ಅಣ್ಣ ಹೇಳಿದ ಮ್ಯಾಲೆ ಮುಗೀತು” ಎಂದು ಕಾಲು ತೊಳೆಯಲು ಹೋದರು. ಅವ್ವ ಒಳಗಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ. ಮಷಿನ್ ಸದ್ದು ನಿಂತಂತೆ ನನಗೆ ನೆನಪು. ಆದರೆ ಅದು ನಿಲ್ಲಲಿ ಎಂದು ಬಯಸಿದ್ದವಳು ನಾನು.

ಪಾಯ ತೆಗೆಯುವ ಮೊದಲು ಕಾಗದದ ಮೇಲೆ ನಕ್ಷೆ ತೆಗೆದು, ಉತ್ತರದ ಬಾಣವನ್ನು ದಪ್ಪಗೆ ಹಾಕಿ ಮೇಸ್ತ್ರಿಗೆ ಕೊಟ್ಟೆ.

“ಪೇಪರ್ ಬ್ಯಾಡಮ್ಮಾ. ದೊಡ್ಡೋರು ಫೋಟೋನ ಕಳಿಸ್ಯಾರ” ಎಂದು ತನ್ನ ಫೋನ್ ತೋರಿಸಿದ. ದೊಡ್ಡಪ್ಪ ತಿರುಗಿಸಿ ನಿಲ್ಲಿಸಿದ್ದ ಮನೆಯನ್ನೇ ಹಾಗೇ ಚಿತ್ರ ತೆಗೆದು ಕಳಿಸಿದ್ದರು. ಅವ್ವನ ಕಿಟಕಿಯ ಮೇಲೆ ಬೆರಳಲ್ಲಿ ಗೀಚಿದ ಕಾಟು.

ಬಾಗಿಲು ದಕ್ಷಿಣಕ್ಕೇ ಆಯಿತು. ರಸ್ತೆ ಅಲ್ಲಿದೆ, ಬೇರೆಲ್ಲಿ ಆಗಬೇಕು? ಬಾಗಿಲನ್ನು ಮೂಡಣಕ್ಕೆ ತಿರುಗಿಸಲಾಗದ ಆ ಶಾಸ್ತ್ರ ಕಿಟಕಿಯೊಂದನ್ನು ಮಾತ್ರ ಮುಚ್ಚಿಸಿತು. ಈಗ ಅಲ್ಲಿ ದೊಡ್ಡಪ್ಪನ ಬೀರು ಗೋಡೆಗೆ ಒರಗಿ ನಿಂತಿದೆ.

ಆಫೀಸಿನಲ್ಲಿ ಇದನ್ನು ತಮಾಷೆಯಾಗಿ ಹೇಳುತ್ತೇನೆ: ಫೋನಿನಲ್ಲಿ ಮನೆ ತಿರುಗಿಸಿ ವಾಸ್ತು ಸರಿಮಾಡಿದ ನಮ್ಮ ದೊಡ್ಡಪ್ಪ. ಎಲ್ಲರೂ ನಗುತ್ತಾರೆ. ಅವರು ನಗಬೇಕಾದರೆ ದೊಡ್ಡಪ್ಪನನ್ನು ದಡ್ಡರನ್ನಾಗಿ ಮಾಡಬೇಕು. ಹುಟ್ಟಿದಾಗಿನಿಂದ ಆ ಕಟ್ಟೆಯ ಮೇಲೆ ಕೂತು ಸೂರ್ಯ ಏರುವುದನ್ನು ನೋಡಿದ ಮನುಷ್ಯನಿಗೆ ದಿಕ್ಕು ತಪ್ಪುತ್ತದೆಯೇ? ಅವರಿಗೆ ಕೋಣೆ ಬೇಕಾಗಿತ್ತು. ತಿರುಗಿಸುವ ಸೌಕರ್ಯವನ್ನು ನಾನು ಒದಗಿಸಿದ್ದೆ. ಇದು ನಾನು ಮನೆ ತಿರುಗಿಸುತ್ತಿರುವ ಬಗೆ ಇರಬಹುದು. ಅವರು ನಿಜವಾಗಿಯೂ ತಪ್ಪು ತಿಳಿದಿದ್ದರೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲ.

ಅವ್ವನ ಮಷಿನ್ ಈಗ ಮೆಟ್ಟಿಲ ಕೆಳಗಿದೆ. ಹಗಲಲ್ಲೂ ಬಲ್ಬು ಉರಿಯುತ್ತದೆ. ಸೂಜಿಗೆ ದಾರ ಪೋಣಿಸಲು ನಾನು ಬಳ್ಳಾರಿಯಿಂದ ಬರುವ ತನಕ ಕಾಯುತ್ತಾಳೆ, ಕಾಯುತ್ತಿಲ್ಲವೆಂಬಂತೆ ಬೇರೆ ಕೆಲಸ ಮಾಡುತ್ತಾಳೆ. ಆ ಮಾಡೆಲ್ ನೋಡಬೇಕೆಂದು ಮತ್ತೆ ಎಂದೂ ಕೇಳಿಲ್ಲ.

ನೋಡುವವರು, ತೋರಿಸುವವರು ದೊಡ್ಡಪ್ಪ. ಮನೆಗೆ ಬಂದವರಿಗೆ, ಮನೆಯೊಳಗೇ ಕೂರಿಸಿಕೊಂಡು, ಫೋನಿನಲ್ಲಿ ಮನೆ ತೋರಿಸುತ್ತಾರೆ. ಮೊನ್ನೆ ಸಿರಿಗೇರಿಯಿಂದ ಬಂದ ನೆಂಟರೊಬ್ಬರು ಫೋನ್ ಇಸಿದುಕೊಂಡು ತಾವೇ ತಿರುಗಿಸಿದರು. ತಾರಸಿ ತೆಗೆದರು. ಹಿಂದಿನ ಮೂಲೆಯಲ್ಲಿ ಬೆರಳು ನಿಂತಿತು.

“ಈ ಕೋಣಿ ಎಲ್ಲೈತ್ರಿ? ದೊಡ್ಡ ಕಿಟಕಿ, ಹೊಲಿಗಿ ಮಷಿನ್ ಐತಲ್ಲ, ಇದು. ಭಾಳ ಚಂದ ಐತಿ.”

ದೊಡ್ಡಪ್ಪ ಕೆಮ್ಮಿದರು. ಅಪ್ಪ ಕಾಲ ಬೆರಳು ನೋಡಿಕೊಂಡರು. ಚಹಾ ತಂದಿದ್ದ ಅವ್ವ ಲೋಟಗಳನ್ನು ಒಂದೊಂದಾಗಿ ಇಟ್ಟಳು.

“ಅದು ಫೋನಿನ್ಯಾಗ ಐತ್ರಿ” ಎಂದಳು.

ದೊಡ್ಡಪ್ಪ ಫೋನ್ ವಾಪಸು ತೆಗೆದುಕೊಂಡು ಮನೆಯನ್ನು ಬಾಗಿಲ ಕಡೆಗೆ ತಿರುಗಿಸಿದರು.