ಗೋಡೆ ಕಡೆಯ ಮಗ್ಗುಲು

ಕಥೆ ಕಟ್ಟುವ ಕಲೆ ನನಗಿದ್ದಿದ್ದರೆ ಬೇಗಂ ಬಜಾರಿನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಅಷ್ಟು ವರ್ಷ ಡಬ್ಬಿ ಒರೆಸುತ್ತಾ ಕೂರುತ್ತಿರಲಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ. ತಾರ್ನಾಕದ ಆ ಮನೆಯಲ್ಲಿ ಆ ರಾತ್ರಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನನ್ನ ಗಂಡನಿಗೂ ಹೇಳಿದ್ದೇನೆ. ಅವರು ನಕ್ಕರು. ಆದರೆ ಈಗ ನಾನು ಮಂಚದ ಮೇಲೆ ಮಲಗುವುದಿಲ್ಲ, ಕೋಣೆಯ ನಡುವೆ ನೆಲದ ಮೇಲೆ ಹಾಸಿಕೊಳ್ಳುತ್ತೇನೆ.

ನನ್ನ ಹೆಸರು ಮಹಾದೇವಿ. ಬೀದರ್ ಕಡೆಯವಳು, ಮದುವೆಯಾಗಿ ಹೈದರಾಬಾದಿಗೆ ಬಂದವಳು. ಅಂಗಡಿ ಕೆಲಸ ಬಿಟ್ಟು ಹೆಲ್ತ್ ಕೇರ್ ಅಸಿಸ್ಟೆಂಟ್ ತರಬೇತಿಗೆ ಸೇರಿದ್ದೆ. ನರ್ಸ್ ಅಲ್ಲ. ನರ್ಸ್ ಸೂಜಿ ಚುಚ್ಚಿ ಹೋದ ಮೇಲೆ ರೋಗಿಯ ಹತ್ತಿರ ಉಳಿಯುವವರು ನಾವು. ಮೈ ಒರೆಸುವುದು, ಉಣ್ಣಿಸುವುದು, ಮಗ್ಗುಲು ಬದಲಿಸುವುದು ನಮ್ಮ ಕೆಲಸ.

ಮಗ್ಗುಲು ಬದಲಿಸುವುದೆಂದರೆ ಹೆಂಚಿನ ಮೇಲೆ ರೊಟ್ಟಿ ತಿರುವಿ ಹಾಕಿದಷ್ಟು ಸುಲಭ ಅಂದುಕೊಂಡಿದ್ದೆ. ನಮಗೆ ಕಲಿಸುತ್ತಿದ್ದ ವಿಜಯಾ ಮೇಡಂ ಆ ಭ್ರಮೆ ಬಿಡಿಸಿದರು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಎಲುಬು ಒತ್ತಿದ ಕಡೆ ಚರ್ಮ ಕೊಳೆಯುತ್ತದೆ. ರೋಗಿಯ ಕೆಳಗೆ, ಭುಜದಿಂದ ತೊಡೆಯವರೆಗೆ, ಒಂದು ಅಡ್ಡ ಬಟ್ಟೆ ಇರುತ್ತದೆ. ಮಂಚದ ಆಚೆಗೊಬ್ಬರು, ಈಚೆಗೊಬ್ಬರು ನಿಂತು ಅದರ ಅಂಚು ಸುತ್ತಿ ಹಿಡಿಯಬೇಕು. ಮೊದಲು ಜೊತೆಯವರನ್ನು ಕೂಗಿ ಕರೆಯಬೇಕು, ಅವರು ಬಟ್ಟೆ ಹಿಡಿಯುವವರೆಗೆ ಕಾಯಬೇಕು, ಆಮೇಲೆ ಮೂರು ಎಣಿಸಿ ಹೊರಳಿಸಬೇಕು.

"ಒಕ್ಕದಾನಿವೇ ಚೆಯ್ಯೊದ್ದು!" ಒಬ್ಬಳೇ ಮಾಡಬೇಡ ಅಂತ ಮೇಡಂ ತೆಲುಗಿನಲ್ಲಿ ಗದರುತ್ತಿದ್ದರು. ಅದನ್ನು ನಮ್ಮ ಕೈಯಲ್ಲಿ ಎಷ್ಟು ಸಲ ಮಾಡಿಸಿದರೆಂದರೆ, ನಿದ್ದೆಯಲ್ಲಿ ಎಬ್ಬಿಸಿದರೂ ಕೈ ತಾನಾಗಿಯೇ ಬಟ್ಟೆ ಸುತ್ತಿಕೊಳ್ಳುತ್ತಿತ್ತು, ಬಾಯಿ ತಾನಾಗಿಯೇ ಕರೆಯುತ್ತಿತ್ತು.

ಆ ಅಭ್ಯಾಸವೇ ಮುಂದೆ ಏನು ಮಾಡಿತು ಕೇಳಿ...

ತರಬೇತಿಯ ಕೊನೆಗೆ ಒಂದು ಮನೆಯಲ್ಲಿ ರಾತ್ರಿ ಪಾಳಿ ಮಾಡಬೇಕಿತ್ತು. ನನಗೆ ಸಿಕ್ಕಿದ್ದು ತಾರ್ನಾಕದ ಒಳ ಓಣಿಯಲ್ಲಿದ್ದ ಹಳೆಯ ಮನೆ. ಕಲಬುರಗಿಯಿಂದ ಬಂದು ನೆಲೆಸಿದ ಗಂಗಾಬಾಯಿ ಅನ್ನುವವರು ರೋಗಿ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಜೊತೆಗಿದ್ದವರು ಮಗಳು ಸುಮಿತ್ರಾ ಒಬ್ಬರೇ, ಕಾಲೇಜಿನಲ್ಲಿ ಪಾಠ ಹೇಳುವವರು.

ಮೊದಲ ದಿನವೇ ಅವರು ತಾಯಿಯ ಸೀರೆ ಸರಿಸಿ ಟೊಂಕದ ಕೆಳಗೆ ತೋರಿಸಿದರು. ಅಂಗೈಯಗಲ ಕೆಂಪಾಗಿತ್ತು.

"ನೋಡ್ರಿ ಮಹಾದೇವಿ, ಇದು ಒಡೀತಂದ್ರ ಅವ್ವ ಉಳಿಯೂದಿಲ್ಲಂತ ಡಾಕ್ಟರ್ ಹೇಳ್ಯಾರ. ಶುಗರ್ ಭಾಳ ಐತಿ. ಗಾಯ ಆತಂದ್ರ ಮಾಯೂದಿಲ್ಲ."

ಬೆರಳಿಂದ ಒತ್ತಿ ನೋಡಿದೆ. ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ಚರ್ಮ ಇನ್ನೂ ಜೀವಂತ ಅಂತ ಅರ್ಥ. ಇದು ಬೆಳ್ಳಗಾಗಲಿಲ್ಲ. ಆದರೂ ಸುಮಿತ್ರಕ್ಕನ ಮುಖ ನೋಡಿ ಮಾತು ಕೊಟ್ಟುಬಿಟ್ಟೆ.

"ಒಡಿಯಾಕ ಬಿಡೂದಿಲ್ರಿ ಅಕ್ಕಾರ. ಆದ್ರ ಮಂಚ ಯಾಕ ಗೋಡಿಗೆ ಹಚ್ಚೀರಿ? ಎರಡೂ ಕಡೆ ನಿಂತ್ರನ ಹೊರಳಿಸಾಕ ಬರೂದು."

"ಅವ್ವಗ ಹಂಗ ಬೇಕ್ರಿ. ಆ ಕಡೆ ಜಾಗ ಬಿಟ್ರ ರಾತ್ರಿಯೆಲ್ಲಾ ಕಣ್ಣು ಮುಚ್ಚೂದಿಲ್ಲ. ಬಾಯಿ ಇನ್ನೂ ಪೂರಾ ಬೀಳೂಕಿಂತ ಮೊದ್ಲ ಹೇಳ್ತಿದ್ಲು... ಅಲ್ಲಿ ಯಾರೋ ಬಂದು ನಿಂದರ್ತಾರಂತ."

ನಾನು ಸುಮ್ಮನಿರುವವಳಾ? ಹಗ್ಗ ಕಂಡು ಹಾವೆನ್ನುವವರನ್ನು ಚೇಷ್ಟೆ ಮಾಡುವುದೆಂದರೆ ನನಗೆ ಹಬ್ಬ.

"ನಿಂತ್ರ ಛಲೋನ ಆತು ಬಿಡ್ರಿ. ನಮಗ ಕೈ ಹಚ್ಚತಾರ."

ಸುಮಿತ್ರಕ್ಕ ನಕ್ಕರು. ಗಂಗಾಬಾಯಿ ನಗಲಿಲ್ಲ. ಅವರು ನನ್ನನ್ನು ನೋಡಿದ ನೋಟ... ಸಿಟ್ಟಲ್ಲ ಅದು, ಗೋಗರೆದ ಹಾಗಿತ್ತು. ನಾನು ಅದನ್ನು ಕಾಯಿಲೆಯವರ ಹಟ ಅಂದುಕೊಂಡೆ.

ಅಂದಿನಿಂದ ರೂಢಿ ಹೀಗಾಯಿತು. ಸಾಗವಾನಿಯ ಮಂಚ, ಕಲ್ಲಿನ ಭಾರ. ರಾತ್ರಿ ನಾನೂ ಸುಮಿತ್ರಕ್ಕನೂ ಸೇರಿ ಅದನ್ನು ಗೋಡೆಯಿಂದ ಈಚೆ ಎಳೆಯುತ್ತಿದ್ದೆವು. ಹೊರಳಿಸುವ ಹೊತ್ತಿಗೆ ನಾನು ಕರೆದರೆ ಅವರು ಕಣ್ಣುಜ್ಜುತ್ತಾ ಬಂದು ಗೋಡೆ ಕಡೆ ನಿಲ್ಲುತ್ತಿದ್ದರು. ಬೆಳಿಗ್ಗೆ ಕೆಲಸದವಳನ್ನು ಕರೆದುಕೊಂಡು ಮತ್ತೆ ಮಂಚ ಗೋಡೆಗೆ ದೂಡುತ್ತಿದ್ದರು. ಮಂಚ ಈಚೆ ಇದ್ದಷ್ಟು ಹೊತ್ತೂ ಗಂಗಾಬಾಯಿಯ ಕಣ್ಣು ಆ ಖಾಲಿ ಜಾಗದ ಮೇಲೆಯೇ ಇರುತ್ತಿತ್ತು. ಎಡಗೈ ನನ್ನ ಸೆರಗನ್ನು ಬಿಡುತ್ತಿರಲಿಲ್ಲ.

ನನ್ನ ಪಾಳಿಯ ಕೊನೆಯ ರಾತ್ರಿ ಸುಮಿತ್ರಕ್ಕನಿಗೆ ಜ್ವರ ಬಂತು.

"ನನ್ನ ಕೆಮ್ಮು ಅವ್ವಗ ಹತ್ತಬಾರದ್ರಿ," ಅಂತ ಗುಳಿಗೆ ನುಂಗಿ ಪಕ್ಕದ ಕೋಣೆಗೆ ಹೋದರು. ಒಳಗಿನಿಂದ ಚಿಲಕ ಹಾಕಿಕೊಂಡದ್ದು ನನಗೆ ಕೇಳಿಸಿತು. ಬೇಕಾದರೆ ಬಾಗಿಲು ಬಡಿಯಿರಿ ಅಂದಿದ್ದರು. ಆದರೆ ಅವರ ಮೈ ಕೆಂಡದಂತೆ ಸುಡುತ್ತಿದ್ದುದರಿಂದ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲ ಸಲ ಒಬ್ಬಳೇ ಹೊರಳಿಸಿದೆ. ಮಂಡಿಯೂರಿ, ಏದುಸಿರು ಬಿಡುತ್ತಾ, ಅರ್ಧ ಎಳೆದು ಅರ್ಧ ನೂಕಿ ಹೇಗೋ ಅಂಗಾತ ಮಲಗಿಸಿದೆ. ಹಾಗೆ ಎಳೆಯುವಾಗ ಚರ್ಮ ಹಾಸಿಗೆಗೆ ತೀಡಿಕೊಳ್ಳಬಾರದು. ತೀಡಿಕೊಂಡಿತ್ತು. ಸೀರೆ ಸರಿಸಿ ನೋಡಿದರೆ ಕೆಂಪಿನ ನಡುವೆ ನೇರಳೆ ಬಣ್ಣ ತಿರುಗಿತ್ತು.

ಮುಂದಿನ ಸಲ ಮೈಯೆತ್ತಿ ಸರಿಯಾಗಿ ಮಗ್ಗುಲಿಗೆ ಹಾಕದಿದ್ದರೆ ಬೆಳಗಾಗುವುದರೊಳಗೆ ಒಡೆಯುತ್ತದೆ. ಒಡೆದರೆ ಈ ಜೀವ ಹೋಗುತ್ತದೆ, ನನ್ನ ಕೈಯಲ್ಲೇ ಹೋಗುತ್ತದೆ. ಕುರ್ಚಿಯಲ್ಲಿ ಕೂತು ಇದನ್ನೇ ನೆನೆಯುತ್ತಾ, ಆ ಚಿಂತೆಯಲ್ಲೇ ಯಾವಾಗಲೋ ಕಣ್ಣು ಹತ್ತಿಬಿಟ್ಟಿತು.

ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲೆ. ದೂರದಲ್ಲಿ ರೈಲು ಕೂಗಿತು. ಆಮೇಲೆ ನಾಯಿಗಳೂ ಸುಮ್ಮನಾದವು...

ಗಂಗಾಬಾಯಿ ನರಳುತ್ತಿದ್ದರು. ಎಷ್ಟು ಹೊತ್ತು ಮಲಗಿದ್ದೆನೋ! ಹೊರಳಿಸುವ ಹೊತ್ತು ಮೀರಿಹೋಗಿತ್ತು. ಫೋನು ಹೊರಗಿನ ಪಡಸಾಲೆಯಲ್ಲಿ ಚಾರ್ಜಿಗಿತ್ತು. ಅದನ್ನು ತರಲೂ ಹೊಳೆಯಲಿಲ್ಲ. ಅರೆನಿದ್ದೆಯಲ್ಲಿ ತಡಕಾಡುತ್ತಾ ಮಂಚದ ಹತ್ತಿರ ಹೋದೆ. ಕೈ ತಾನಾಗಿಯೇ ಅಡ್ಡ ಬಟ್ಟೆಯ ಅಂಚು ಸುತ್ತಿಕೊಂಡಿತು. ಬಾಯಿ ತಾನಾಗಿಯೇ ಕರೆಯಿತು.

"ಅಕ್ಕಾರ... ಕೈ ಹಚ್ಚಬರ್ರಿ..."

ಕಾದೆ.

ಮೊದಲು ವಾಸನೆ ಬಂತು. ಸೀಗೆಕಾಯಿ ವಾಸನೆ. ಆಗತಾನೇ ತಲೆಗೆ ಎರೆದುಕೊಂಡು ಬಂದವರು ಪಕ್ಕದಲ್ಲಿ ನಿಂತರೆ ಬರುತ್ತದಲ್ಲ, ಅಂಥದ್ದು. ಆಮೇಲೆ ಗಂಜಿ ಹಾಕಿದ ಸೀರೆ ಸರಬರ ಅಂದ ಸದ್ದು... ಮಂಚದ ಆಚೆ ಕಡೆಯಿಂದ.

ಬಟ್ಟೆ ಬಿಗಿಯಾಯಿತು. ಆಚೆಯವರು ಅಂಚು ಹಿಡಿದದ್ದು ನನ್ನ ಬೆರಳುಗಳಿಗೇ ತಿಳಿಯಿತು.

"ಬಂದ್ರ್ಯಾ? ಸಾವಕಾಶ್ರಿ, ಟೊಂಕಕ್ಕ ಹತ್ತಬಾರದು. ನಿಮ್ಮ ಕಡೆ ತಿರುಗಿಸೂಣು. ಒಂದು... ಎರಡು... ಮೂರು."

ಏನು ಹೇಳಲಿ! ಆ ಭಾರದ ದೇಹ ಹೂವೆತ್ತಿದ ಹಾಗೆ ಎದ್ದು ಗೋಡೆಯ ಕಡೆಗೆ ಹೊರಳಿತು. ಒಂದು ಚೂರು ತೀಡಲಿಲ್ಲ. ಅಷ್ಟು ದಿನದ ತರಬೇತಿಯಲ್ಲಿ ಅಂಥ ಹೊರಳನ್ನು ನಾನು ಕಂಡಿರಲಿಲ್ಲ. ಮೊಣಕಾಲುಗಳ ನಡುವೆ ಇಡಲು ದಿಂಬಿಗಾಗಿ ತಡಕಿದೆ. ದಿಂಬು ಆಗಲೇ ಅಲ್ಲಿತ್ತು.

"ಜ್ವರದಾಗೂ ಎಷ್ಟು ಛಂದ ಮಾಡೀರಿ ಅಕ್ಕಾರ! ಸಾಕು, ಹೋಗಿ ಮಲಕೋರಿ."

ಉತ್ತರ ಬರಲಿಲ್ಲ. ಹೆಜ್ಜೆ ಸದ್ದೂ ಬರಲಿಲ್ಲ. ವಾಸನೆ ಅಲ್ಲೇ ಇತ್ತು. ಗಂಗಾಬಾಯಿಯ ನರಳಾಟ ಮಾತ್ರ ಬದಲಾಗಿತ್ತು. ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವ ಮಗುವಿನ ಸದ್ದು ಅದು.

ಆಗ ಕರೆಂಟ್ ಬಂತು.

ಗಂಗಾಬಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಗೋಡೆ ಅವರ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ಅದನ್ನು ನೋಡುತ್ತಾ ಒಂದು ಗಳಿಗೆ ನನಗೇನೂ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು... ಸುಮಿತ್ರಕ್ಕನಿಗೆ ಜ್ವರವಿದ್ದುದರಿಂದ ಇವತ್ತು ನಾವು ಮಂಚ ಎಳೆದೇ ಇರಲಿಲ್ಲ.

ಮಂಚ ಗೋಡೆಗೆ ಅಂಟಿಕೊಂಡಿತ್ತು. ನಡುವೆ ನನ್ನ ಅಂಗೈ ತೂರಿಸಿ ನೋಡಿದೆ, ಬೆರಳ ತುದಿಯೂ ಹೋಗಲಿಲ್ಲ. ಆಚೆ ಕಡೆಯ ಅಡ್ಡ ಬಟ್ಟೆಯ ಅಂಚನ್ನು ಯಾರೋ ಸುಕ್ಕಿಲ್ಲದಂತೆ ಹಾಸಿಗೆಯ ಕೆಳಗೆ ಮಡಿಸಿ ಸಿಕ್ಕಿಸಿದ್ದರು.

ಓಡಿ ಹೋಗಿ ಪಕ್ಕದ ಕೋಣೆಯ ಬಾಗಿಲು ಬಡಿದೆ. ಬಡಿದೇ ಬಡಿದೆ. ಕೊನೆಗೆ ಒಳಗಿನಿಂದ ಚಿಲಕ ಸರಿಯಿತು. ಸುಮಿತ್ರಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದರು.

"ಏನಾತ್ರಿ? ಅವ್ವ ಆರಾಮ ಅದಾಳಿಲ್ಲೋ?"

"ನೀವು... ಈಗ ಬಂದಿದ್ರೇನ್ರಿ ಅಕ್ಕಾರ?"

"ಎಲ್ಲಿ ಬರ್ಲಿರಿ, ಏಳಾಕ ಆಗವಲ್ದು. ಕರದಿದ್ರೇನು?"

ನಾನು ಏನೂ ಇಲ್ಲವೆಂದು ಅವರನ್ನು ಮಲಗಿಸಿ ಬಂದೆ. ಗಂಗಾಬಾಯಿಯ ಮುಖವನ್ನು ಆ ಗೋಡೆಯಿಂದ ನನ್ನ ಕಡೆ ತಿರುಗಿಸಿಕೊಂಡೆ. ಕಣ್ಣೀರಿನಿಂದ ದಿಂಬು ತೊಯ್ದಿತ್ತು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಮಾತೇ ಇಲ್ಲದ ಆ ಬಾಯಿ ಸೊಟ್ಟ ಸೊಟ್ಟವಾಗಿ ಅಲುಗಾಡಿ, ಎರಡು ಮಾತನ್ನು ಹೊರಗೆ ತಳ್ಳಿತು.

"ನೀ... ಕರದಿ..."

ಬೆಳಗಾಗುವವರೆಗೆ ನಾನು ಆ ಕೈ ಬಿಡಲಿಲ್ಲ. ಗೋಡೆಯ ಕಡೆ ನೋಡಲೂ ಇಲ್ಲ.

ಬೆಳಿಗ್ಗೆ ವಿಜಯಾ ಮೇಡಂ ಪರೀಕ್ಷೆಗೆ ಬಂದರು. ಗಂಗಾಬಾಯಿಯ ಸೀರೆ ಸರಿಸಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮೇಡಂ ನನ್ನ ಬೆನ್ನು ತಟ್ಟಿದ ಮೇಲೆಯೇ ತೆರೆದದ್ದು. ನೇರಳೆ ಬಣ್ಣ ಎಲ್ಲೂ ಇರಲಿಲ್ಲ. ಮೇಡಂ ಬೆರಳಿಂದ ಒತ್ತಿದರು. ಬೆಳ್ಳಗಾಯಿತು. ಬಿಟ್ಟರು. ನಿಧಾನಕ್ಕೆ ಕೆಂಪು ಮರಳಿತು. ಚರ್ಮ ಬದುಕಿತ್ತು.

"ನಾ ಬಂಗಾರು ತಲ್ಲಿ!" ನನ್ನ ಬಂಗಾರದ ತಾಯಿ ಅಂತ ಮೇಡಂ ನನ್ನ ಗಲ್ಲ ಹಿಡಿದು ಮುದ್ದು ಮಾಡಿದರು. ನಾನು ಪಾಸು ಅಂತ ಅಲ್ಲೇ ಹೇಳಿದರು. ಸುಮಿತ್ರಕ್ಕ ಜ್ವರದಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು.

"ನಿಮ್ಮ ಮಾತು ಕೇಳಿದ್ದು ಛಲೋ ಆತ್ರಿ. ಇನ್ನ ಮಂಚ ಗೋಡಿಗೆ ಹಚ್ಚೂದ ಇಲ್ಲ. ಹಗಲೂ ರಾತ್ರಿ ಈಚೀಕಡೆ ಇರ್ಲಿ."

"ಬ್ಯಾಡ್ರಿ ಅಕ್ಕಾರ!" ನಾನು ಕೂಗಿಬಿಟ್ಟೆ. "ಅವ್ವಾರಿಗೆ ಹೆಂಗ ಬೇಕೋ ಹಂಗ ಇರ್ಲಿ. ಗೋಡಿಗೇ ಇರ್ಲಿ."

ಮೇಡಂ ಹುಬ್ಬು ಗಂಟಿಕ್ಕಿದರು. ಕಲಿಸಿದ್ದೆಲ್ಲ ಒಂದೇ ರಾತ್ರಿಗೆ ಮರೆತೆಯಾ ಅಂತ ಬೈದರು. ಮೇಡಂ, ಸುಮಿತ್ರಕ್ಕ, ಕೆಲಸದವಳು ಮೂವರೂ ಸೇರಿ ಮಂಚವನ್ನು ಕೋಣೆಯ ನಡುವೆ ಎಳೆದರು. ಎಲ್ಲರಿಗೂ ಖುಷಿ. ಗಂಗಾಬಾಯಿ ಈ ಸಲ ಖಾಲಿ ಜಾಗದ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಆ ಬೆಳಿಗ್ಗೆಯೇ ನನ್ನ ಪಾಳಿ ಮುಗಿಯಿತು.

ಈಗ ಗಚ್ಚಿಬೌಲಿ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ಹೊರಳಿಸುವಾಗ ಆಚೆ ನಿಂತವರ ಮುಖ ನೋಡದೆ, ಹೆಸರು ಹಿಡಿದು ಮಾತಾಡಿಸದೆ ಎಣಿಸಲು ಶುರು ಮಾಡುವುದಿಲ್ಲ. ಜೊತೆಯ ಹುಡುಗಿಯರು ನನ್ನನ್ನು ಅರೆಹುಚ್ಚಿ ಅನ್ನುತ್ತಾರೆ. ಅನ್ನಲಿ.

ಮೊನ್ನೆ ಸುಮಿತ್ರಕ್ಕ ಫೋನ್ ಮಾಡಿದ್ದರು. ದನಿಯಲ್ಲಿ ಸಂಭ್ರಮ.

"ಅವ್ವನ ಬೆನ್ನು ಪೂರಾ ಆರಾಮ ಆಗೇತ್ರಿ! ರಾತ್ರಿ ಆಳನ್ನೂ ಬಿಡಿಸಿಬಿಟ್ಟೀನಿ. ಈಗ ಅವ್ವ ತಾನ ಹೊರಳತಾಳ. ನಾ ಮುಂಜಾನೆ ಎದ್ದು ನೋಡೂದ್ರಾಗ ಮಗ್ಗಲ ಬದಲಾಗಿರ್ತೈತಿ, ಮೊಣಕಾಲ ನಡುವ ದಿಂಬೂ ಇಟ್ಟಿರ್ತಾಳ!"

ನಾನು ಅವರನ್ನು ತಡೆದು ಕೇಳಿದೆ. "ಬಲಗೈ ಎತ್ತಾಕ ಬರ್ತೈತೇನ್ರಿ ಅವ್ವಾರಿಗೆ?"

"ಇಲ್ರಿ, ಅದೇನೂ ಬರೂದಿಲ್ಲ. ಹಂಗ ಬಿದ್ದಿರ್ತೈತಿ." ಆಮೇಲೆ ಅವರೇ ಹೇಳಿದರು, "ಅಳೂದು ಮಾತ್ರ ಭಾಳ ಆಗೇತಿ ನೋಡ್ರಿ. ಮುಂಜಾನೆ ನಾ ಒಳಗ ಹೋದ ಕೂಡ್ಲೆ ಸೆರಗ ಹಿಡಕೊಂತಾಳ, ಬಿಡೂದ ಇಲ್ಲ. ಆರಾಮ ಆದ ಖುಷಿಗಿರಬೇಕು..."

ಮಂಚ ಗೋಡೆಗೆ ಹಚ್ಚಿರಿ ಅಂದೆ. ಬೇಡಿಕೊಂಡೆ. ಅವರು ನಕ್ಕರು. "ನೀವ ಬಿಡಿಸಿದ ಹಟಾನ ಈಗ ನೀವ ಹಿಡೀತೀರೇನ್ರಿ?" ಅಂತ ಫೋನ್ ಇಟ್ಟರು.

ಒಡೆಯಲು ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಒಡೆಯಲಿಲ್ಲ. ಗಂಗಾಬಾಯಿ ಬದುಕಿದ್ದಾರೆ. ರಾತ್ರಿ ಆ ಕೋಣೆಯಲ್ಲಿ ಅವರೊಬ್ಬರೇ ಮಲಗುತ್ತಾರೆ ಅಂತ ಮಗಳು ತಿಳಿದುಕೊಂಡಿದ್ದಾರೆ.