ಅಕ್ಕನಿಗೆ ಸಿಕ್ಕಿದ ಹಳೆಯ ಪುಟ

ನಾನು ಮಾಡುವ ಕೆಲಸವೇನೆಂದು ಅಕ್ಕನಿಗೆ ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ತರೀಕೆರೆಯ ಒಂದು ಸಣ್ಣ ಕಂಪನಿ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತದೆ. ಮನೆಯಲ್ಲೇ ಕೂತು ಫೋನಿನಿಂದ ಮೋಟರು ಹಾಕಬಹುದು, ನಿಲ್ಲಿಸಬಹುದು. ಅದನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ಬರೆದು ಇಂಟರ್‌ನೆಟ್ಟಿಗೆ ಹಾಕುವವಳು ನಾನು, ಕಡೂರಿನ ನಮ್ಮ ಮನೆಯ ಊಟದ ಮೇಜಿನಿಂದ. ಅಕ್ಕ ಎಲ್ಲವನ್ನೂ ಕೇಳಿ, ಹಾಗಾದರೆ ನೀನು ಮೋಟರು ರಿಪೇರಿಯವಳು ಎಂದು ತೀರ್ಮಾನಿಸಿದಳು. ಅಂದಿನಿಂದ ಬುಕ್ಕಾಂಬುಧಿಯ ಅವಳ ಬಾವಿಯಲ್ಲಿ ಏನು ಕೆಟ್ಟರೂ ಫೋನು ನನಗೇ.

ಆ ಬೇಸಿಗೆಯಲ್ಲಿ ಸ್ಟಾರ್ಟರಿನ ಸಾಫ್ಟ್‌ವೇರ್ ಬದಲಾಯಿತು. ಹಳೆಯದರಲ್ಲಿ ಸ್ಟಾರ್ಟರಿನೊಳಗಿನ ಸಿಮ್ಮಿನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರು ನಿಲ್ಲುತ್ತಿತ್ತು. ಇನ್ನೊಂದು ಕೊಡುವವರೆಗೆ, ಕರೆಂಟು ಹೋಗಿ ಬಂದರೂ, ಸ್ಟಾರ್ಟ್ ಆಗುತ್ತಿರಲಿಲ್ಲ. ಹೊಸದರಲ್ಲಿ, ಮಿಸ್ಡ್ ಕಾಲ್ ಕೊಟ್ಟು ನಿಲ್ಲಿಸಿದ್ದರೂ, ಕರೆಂಟು ಬಂದ ಕೂಡಲೇ ತಾನಾಗಿ ಸ್ಟಾರ್ಟ್ ಆಗುತ್ತದೆ. ಮೋಟರು ಮುಟ್ಟುವ ಮೊದಲು ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಇದನ್ನು ಹೊಸ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ. ಹಳೆಯ ಪುಟ ಕಿತ್ತುಹಾಕೋಣವೆಂದರೆ, ಹಳೆಯ ಸ್ಟಾರ್ಟರು ಇಟ್ಟುಕೊಂಡವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರು ಯಾವುದನ್ನು ನೋಡಬೇಕು ಎಂದರು ಕಂಪನಿಯವರು. ಸರಿ, ಅದರ ನೆತ್ತಿಯ ಮೇಲೆ ‘ಇದು ಹಳೆಯದು’ ಎಂದು ಕೆಂಪು ಪಟ್ಟಿ ಹಾಕಿ, ಹೊಸ ಪುಟಕ್ಕೆ ದಾರಿ ಕೊಟ್ಟೆ. ಆದರೂ ಫೋನಿನಲ್ಲಿ ಹುಡುಕಿದವರಿಗೆ ಮೊದಲು ಸಿಗುತ್ತಿದ್ದದ್ದು ಹಳೆಯದೇ. ವರ್ಷಗಟ್ಟಲೆ ಜನ ನೋಡಿದ ಪುಟ, ಮೇಲೆ ಕೂತುಬಿಟ್ಟಿತ್ತು. ಅದೂ ಪೂರ್ತಿಯಲ್ಲ, ಕೆಂಪು ಪಟ್ಟಿ ಬಿಟ್ಟು, ನಡುವಿನ ಒಂದೆರಡು ಸಾಲು ಮಾತ್ರ ಕಾಣಿಸುತ್ತಿತ್ತು. ಆ ದರಿದ್ರ ಸಾಲುಗಳನ್ನು ಕೆಳಗಿಳಿಸಲು ನಾನು ದಿನವೂ ಒದ್ದಾಡುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಅಕ್ಕ ಬಾವಿಯ ಹತ್ತಿರದಿಂದ ಫೋನು ಮಾಡಿದಳು. ಭಾವ ಅಜ್ಜಂಪುರಕ್ಕೆ ಹೋಗಿದ್ದಾರೆ, ಕರೆಂಟಿಲ್ಲ, ಮೋಟರಿಗೂ ಪಂಪಿಗೂ ನಡುವೆ ತಿರುಗುವ ಕಪ್ಲಿಂಗಿಗೆ ಹಗ್ಗ ಸುತ್ತಿಕೊಂಡಿದೆ ಎಂದಳು. ಮೊನ್ನೆ ಮೆಕ್ಯಾನಿಕ್ ಬಂದು ಊರಿನ ಸ್ಟಾರ್ಟರುಗಳಿಗೆಲ್ಲ ಅದೇನೋ ಹೊಸದು ಹಾಕಿ ಹೋದ ಎಂದೂ ಮಾತಿನ ನಡುವೆ ಸೇರಿಸಿದಳು.

“ಫೋನಲ್ಲಿ ಹುಡುಕ್ದೆ ಕಣೇ. ಮಿಸ್ ಕಾಲ್ ಕೊಟ್ರೆ ಸಾಕು ಅಂತ ನೀನೇ ಬರ್ದಿದೀಯ. ಕೊಟ್ಟಿದೀನಿ. ಇರು, ಕೈ ಹಾಕಿ ಬಿಡಿಸ್ತೀನಿ.”

ಬೇಡ ಅಕ್ಕಾ ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಮತ್ತೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಂಗಸು ನಿಧಾನವಾಗಿ, ಬಲು ಮರ್ಯಾದೆಯಿಂದ ಹೇಳಿದಳು. ಅವಳ ಬಾಯಿಗೆ ಮಣ್ಣು ಹಾಕ. ಭಾವನಿಗೆ ಮಾಡಿದರೆ ಎತ್ತಲಿಲ್ಲ. ಅಕ್ಕನ ಸ್ಟಾರ್ಟರಿನ ನಂಬರು ನನ್ನ ಹತ್ತಿರವೂ ಇತ್ತು, ಆದರೆ ಅದಕ್ಕೆ ಕಾಲ್ ಮಾಡಲು ಧೈರ್ಯ ಬರಲಿಲ್ಲ. ನಿಂತದ್ದು ನನ್ನಿಂದಲೇ ಸ್ಟಾರ್ಟ್ ಆಗಿಬಿಟ್ಟರೆ? ಅವಳ ಕೈಬಳೆ ಕಣ್ಣ ಮುಂದೆ ಬಂತು, ಸೆರಗು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ ದೇವರೇ ಎಂದು ಬೇಡಿಕೊಂಡೆ. ನಮ್ಮ ಮನೆಯ ಫ್ಯಾನು ತಿರುಗುತ್ತಿತ್ತು. ಇಲ್ಲಿಯ ಕರೆಂಟಿಗೂ ಅಲ್ಲಿಯದಕ್ಕೂ ಸಂಬಂಧವಿಲ್ಲವೆಂದು ಗೊತ್ತಿದ್ದೂ ಹೋಗಿ ಅದನ್ನು ಆರಿಸಿದೆ.

ಕೊನೆಗೆ ಅವಳೇ ಮಾಡಿದಳು. ಹಿಂದೆ ಮೋಟರಿನ ಸದ್ದು. ಹಗ್ಗ ಬಿಡಿಸಿ, ಕೈ ಆಚೆ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಾಗ ಧಡ್ ಎಂದು ಎದ್ದುಬಿಟ್ಟಿತಂತೆ. ಅವಳ ದನಿಯೂ ಸರಿಯಿರಲಿಲ್ಲ. ನಾನು ಬಾಯಿಗೆ ಬಂದದ್ದು ಬೈದೆ, ಬೈಯುತ್ತಲೇ ಅತ್ತೆ. ನೀನು ನೋಡಿದ್ದು ಹಳೆಯದು, ಹೊಸದರಲ್ಲಿ ಮೇನ್ ಸ್ವಿಚ್ ಇಳಿಸದೆ ಯಾರೂ ಮುಟ್ಟುವ ಹಾಗಿಲ್ಲ ಎಂದು ಹೇಳಿದೆ. ಅಯ್ಯೋ ಎಂದಳು ಅಕ್ಕ. ನನಗೆ ಇನ್ನಷ್ಟು ಭಯವಾಯಿತು.

“ಏನಾಯ್ತೇ?”

“ಆ ಹಳೇದುನ್ನೇ ಊರಿನ್ ವಾಟ್ಸಾಪ್ ಗುಂಪಿಗೂ ಹಾಕ್ಬಿಟ್ಟಿದೀನಲ್ಲೇ,” ಎಂದಳು. “ನಮ್ ಹುಡುಗಿ ಬರ್ದಿರೋದು, ಧೈರ್ಯವಾಗಿ ಮಾಡಿ ಅಂತ.”

ಕರೆಂಟು ಇಡೀ ಊರಿಗೆ ಬಂದಾಗಿತ್ತು. ನನ್ನ ಅಳು ಅಲ್ಲಿಗೇ ನಿಂತುಹೋಯಿತು. ಗುಂಪಿನಲ್ಲಿರುವ ಒಬ್ಬೊಬ್ಬರ ನಂಬರೂ ಹೇಳು ಎಂದೆ.