ನೋಯದ ಜಾಗ

ಓಣಿಯವರೆಲ್ಲ ಆ ದರ್ಜಿಯನ್ನು ಕರೆಯುತ್ತಿದ್ದುದು ಕಾಲಿಂಚು ಎಂದೇ. ಅಳತೆಯಲ್ಲಿ ಕಾಲು ಇಂಚು ತಪ್ಪಿದರೂ ಹೊಲಿಗೆಯನ್ನೆಲ್ಲ ಬಿಚ್ಚಿ ಕೂರುವ ಆಸಾಮಿ. ಮಾತು ಮಾತ್ರ ಗಜಗಟ್ಟಲೆ. ಸಕ್ಕರೆ ಕಾಯಿಲೆ ಬಂದಾಗ, "ಸೂಜಿಗೆ ನಾನು ಹೆದರೋದಾ? ಅದು ಹಾಕಿದ ಅನ್ನ ತಿಂದವನು!" ಎಂದು ಹೆಂಡತಿಯೆದುರು ಜಂಬ ಕೊಚ್ಚಿಕೊಂಡಿದ್ದ.

ಆದರೆ ದಿನಾ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವಾಗ ಹಲ್ಲು ಕಚ್ಚುತ್ತಿದ್ದ. ಹೀಗಿರುತ್ತ ಹೊಕ್ಕುಳಿನ ಎಡಕ್ಕೊಂದು ಜಾಗ ಸಿಕ್ಕಿತು. ಅಲ್ಲಿ ಚುಚ್ಚಿದರೆ ಗೊತ್ತೇ ಆಗದು! ಜಾಗ ಬದಲಿಸುತ್ತಿರಿ ಎಂದು ಡಾಕ್ಟರು ಹೇಳಿದ್ದು ಅವನಿಗೆ ಹಿಡಿಸಲಿಲ್ಲ. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕುವಾಗ ಸೂಜಿ ಹಳೆಯ ತೂತಿನಲ್ಲೇ ಹಾಯಬೇಕು, ಹೊಸ ತೂತು ಬಿದ್ದರೆ ಬಟ್ಟೆ ಹಾಳು. ಕಸುಬಿನ ಈ ಪಾಠವನ್ನೇ ಹೊಟ್ಟೆಗೂ ಹಚ್ಚಿದ, ಪುಣ್ಯಾತ್ಮ. ಔಷಧಿ ಏರುತ್ತಲೇ ಹೋಯಿತು, ಸಕ್ಕರೆ ಇಳಿಯಲಿಲ್ಲ.

ಒಂದು ಸಂಜೆ ಎದುರು ಮನೆಯ ನರ್ಸು ತನ್ನ ಬಿಳಿ ಕೋಟಿನ ಅಳತೆ ನೋಡಲು ಬಂದಳು. ಅವನು ಬಗ್ಗಿ ಅಂಚು ಮಡಿಸಿ ಎದ್ದಾಗ ಚೀರಿದಳು.

"ಮಾವ, ರಕ್ತ!"

ಅಂಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ಅವನು ಬಗ್ಗಿದಾಗ ಹೊಟ್ಟೆಯ ಅದೇ ಜಾಗಕ್ಕೆ ಇಳಿದಿತ್ತು. ಅವನಿಗೆ ಅರಿವೇ ಇರಲಿಲ್ಲ.

ಅವಳು ಸೂಜಿ ತೆಗೆದು, ಒತ್ತಿ ನೋಡಿದಳು. "ಒಂದೇ ಕಡೆ ಚುಚ್ಚಿ ಚುಚ್ಚಿ ಕೊಬ್ಬು ಗಡ್ಡೆ ಕಟ್ಟಿದೆ. ಇಲ್ಲಿ ಹಾಕಿದ ಔಷಧಿ ಮೈಗೆ ಸರಿಯಾಗಿ ಸೇರಲ್ಲ. ಕೊಬ್ಬಿನೊಳಗೂ ನರ ಇರ್ತವೆ ಮಾವ, ಸಕ್ಕರೆ ಏರಿದ್ರೆ ಅವೂ ಸೊರಗ್ತವೆ. ನಾಳೆನೇ ಡಾಕ್ಟರ ಹತ್ರ ಹೋಗಿ."

"ಹೊಟ್ಟೆ ಮನೆ ಹಾಳಾಗ್ಲಿ, ಈ ಮರಗಟ್ಟೋದು ಕೈಗೂ ಬರುತ್ತಾ?"

"ಸಾಮಾನ್ಯವಾಗಿ ಪಾದದಿಂದ ಶುರು. ಆಮೇಲೆ ಕೈಗೂ ಬರಬಹುದು."

ಅವಳು ಹೋದದ್ದೇ ತಡ, ಬೆರಳುಗಳಿಗೆಲ್ಲ ಸೂಜಿ ಚುಚ್ಚಿ ನೋಡಿದ. ಎಲ್ಲವೂ ಚುರುಕ್ಕೆಂದವು. ಸೂಜಿಯ ಹಿಂಬದಿ ಒತ್ತುವ ನಡುಬೆರಳೊಂದು ಮಾತ್ರ ಸುಮ್ಮನಿತ್ತು. ಅದರ ತುದಿ ದುಡಿದು ದುಡಿದು ಜಡ್ಡುಗಟ್ಟಿದ್ದು ನಿಜ. ಆದರೆ ಈ ಮೌನ ಕಸುಬಿನದೋ, ಕಾಯಿಲೆಯದೋ? ಬೆರಳು ಸತ್ತರೆ ದರ್ಜಿ ಬದುಕಿ ಏನು ಮಾಡುವುದು? ಹೆಂಡತಿಗೂ ಹೇಳಲಿಲ್ಲ.

ಮರುದಿನ ಡಾಕ್ಟರು ಬೈದು, ಹೊಸ ಜಾಗದಲ್ಲಿ ಔಷಧಿ ಪೂರ್ತಿ ಹಿಡಿಯುತ್ತದೆಂದು ಅದರ ಅಳತೆ ಇಳಿಸಿ, ಗಡ್ಡೆಯ ತಂಟೆಗೇ ಹೋಗಬೇಡ ಎಂದರು. ಬೆರಳಿನ ಮಾತೆತ್ತಲು ಅವನಿಗೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಹೆಂಡತಿಯೇ ಬಲಗಡೆ ಚುಚ್ಚಿದಳು.

"ಅಯ್ಯಮ್ಮಾ!"

"ನೋಯ್ತೇನ್ರೀ?"

"ನೋಯ್ಲಿ ಬಿಡು," ಎಂದವನು ಇನ್ನು ತಡೆಯಲಾರದೆ ನಡುಬೆರಳು ಮುಂದೆ ಚಾಚಿದ. "ಆದ್ರೆ ಇದು ಮಾತಾಡ್ತಿಲ್ಲ ಕಣೇ."

ಅವಳು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾಯಿಗಿಟ್ಟು, ಜಡ್ಡು ಮುಗಿಯುವಲ್ಲಿ ಬಲವಾಗಿ ಕಚ್ಚಿದಳು.

"ಅಯ್ಯಯ್ಯೋ, ರಾಕ್ಷಸಿ!"

ಹಲ್ಲಿನ ಗುರುತು ಕೆಂಪಗೆ ಮೂಡಿತು. ಅದನ್ನು ನೋಡುತ್ತ ಕಾಲಿಂಚು ಮಗುವಿನ ಹಾಗೆ ಅತ್ತುಬಿಟ್ಟ.

"ಅಳೋದಾದ್ರೆ ಆಚೆ ಕೂತು ಅಳಿ," ಎನ್ನುತ್ತ ಅವಳು ಅವನ ಮುಂದಿದ್ದ ನರ್ಸಿನ ಬಿಳಿ ಕೋಟನ್ನು ಕಣ್ಣೀರು ತಾಗದಂತೆ ಪಕ್ಕಕ್ಕೆಳೆದಳು. ಅವಳ ಕಣ್ಣೂ ಒದ್ದೆಯಾಗಿತ್ತು.